ನೀರ್ಚಾಲು ಟ್ರಾಫಿಕ್

ವಿಮಾನ ನಿಲ್ದಾಣ ಅಂದ ಮೇಲೆ ಅಲ್ಲೊಂದು ಎತ್ತರದ ಟವರ್ ಇರಬೇಕು, ಅದರೊಳಗೆ ಕೂತವರು ಹೇಳಿದ ಹಾಗೆ ಪೈಲಟ್ ವಿಮಾನ ಇಳಿಸಬೇಕು ಎಂದೇ ನಮ್ಮ ಕಡೆ ಎಲ್ಲರ ಲೆಕ್ಕ. ಅದರಲ್ಲಿ ಆಶ್ಚರ್ಯವೇನಿಲ್ಲ. ಕಾಸರಗೋಡಿನವರು ನೋಡಿದ್ದು ಮಂಗಳೂರಿನ ಬಜ್ಪೆ, 2018ರ ಕೊನೆಯಿಂದ ಕಣ್ಣೂರು, ಗಲ್ಫಿನಲ್ಲಿ ಇರುವವರಾದರೆ ದುಬೈ, ದೋಹಾ. ಎಲ್ಲ ಕಡೆಯೂ ಟವರ್ ಇದೆ. ನಾನು ಹಾರಲು ಕಲಿತದ್ದು ಮಾತ್ರ ಟವರೇ ಇಲ್ಲದ ಜಾಗದಲ್ಲಿ, ಅಮೆರಿಕದ ಟೆಕ್ಸಸ್‌ನಲ್ಲಿ. ಆ ದೇಶದಲ್ಲಿ ಯಾರು ಬೇಕಾದರೂ ಬಳಸಬಹುದಾದ ವಿಮಾನ ನಿಲ್ದಾಣಗಳೇ 5 ಸಾವಿರದ ಆಸುಪಾಸು ಇವೆ. ಟವರ್ ಇರುವುದು 500 ಚಿಲ್ಲರೆ ಕಡೆ ಮಾತ್ರ. ಉಳಿದ ಕಡೆ ಯಾರು ಮೊದಲು ಇಳಿಯಬೇಕು, ಯಾರು ಕಾಯಬೇಕು ಎಂಬುದನ್ನು ಪೈಲಟ್‌ಗಳೇ ರೇಡಿಯೋದಲ್ಲಿ ಮಾತಾಡಿಕೊಂಡು, ಕಣ್ಣಿನಿಂದ ನೋಡಿಕೊಂಡು ನಡೆಸುತ್ತಾರೆ. ಇಂಥ ಹೆಚ್ಚಿನ ಕಡೆ ರೇಡಿಯೋ ಇಲ್ಲದ ವಿಮಾನವೂ ಕಾನೂನು ಪ್ರಕಾರವೇ ಬಂದು ಇಳಿಯಬಹುದು.

ಇದನ್ನು ಮನೆಯಲ್ಲಿ ಹೇಳಿದ್ದೇ ತಡ, ಅಮ್ಮ ದೋಸೆ ಹೊಯ್ಯುವುದನ್ನು ನಿಲ್ಲಿಸಿದರು. 2010ರ ಮೇ 22ರಂದು ಬಜ್ಪೆಯಲ್ಲಿ ದುಬೈ ವಿಮಾನ ಗುಡ್ಡದಿಂದ ಕೆಳಗೆ ಬಿದ್ದು 158 ಜನ ಹೋದರು. ಅವರಲ್ಲಿ ನಮ್ಮ ಜಿಲ್ಲೆಯವರು ಬಹಳ ಮಂದಿ. "ಟವರ್ ಇದ್ದಲ್ಲೇ ಹಾಗಾಯ್ತು. ಇಲ್ಲದಲ್ಲಿಗೆ ನಿನ್ನನ್ನು ಕಳಿಸ್ಲಿಕ್ಕುಂಟಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದ ಮನೆಯ ಏರ್‌ಫೋರ್ಸ್ ಮಾವನ ಹತ್ತಿರ ಇತ್ತು.

ಅವರು ಸಂಬಂಧದಲ್ಲಿ ಮಾವ ಅಲ್ಲ. ವಾಯುಪಡೆಯಲ್ಲಿ ರೇಡಿಯೋ ವಿಭಾಗದಲ್ಲಿದ್ದು ನಿವೃತ್ತರಾಗಿ ನೀರ್ಚಾಲಿನ ಹತ್ತಿರ ತೋಟ ಮಾಡಿಕೊಂಡಿದ್ದಾರೆ. ಊರಿಗೆಲ್ಲ ಏರ್‌ಫೋರ್ಸ್ ಮಾವ. ಅವರು ಅಮ್ಮನಿಗೆ ಹೇಳಿದ್ದು ಇಷ್ಟೇ: "ಟವರ್ ಇಲ್ಲದಲ್ಲಿ ಕಲಿತವರಿಗೆ ಕಿವಿ ಚುರುಕಾಗ್ತದೆ ಅಕ್ಕ. ಹೋಗುವ ಮೊದಲು ಇಲ್ಲೇ ಒಂದಿಷ್ಟು ಕಲಿಸ್ತೇನೆ." ಅಮ್ಮನಿಗೆ ಸಮಾಧಾನ ಆಯಿತೋ ಇಲ್ಲವೋ, ದೋಸೆ ಮಾತ್ರ ಮುಂದುವರಿಯಿತು.

ಅಡಿಕೆಯೆಲ್ಲ ಒಣಗಿ ಚೀಲಕ್ಕೆ ಹೋಗಿತ್ತು, ಅಂಗಳ ಖಾಲಿ. ಮಾವ ಸುಣ್ಣದ ಪುಡಿಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಉದ್ದದ ಪಟ್ಟಿ ಎಳೆದರು. ಪೂರ್ವದ ತುದಿಯಲ್ಲಿ 27, ಪಶ್ಚಿಮದ ತುದಿಯಲ್ಲಿ 09 ಎಂದು ಬರೆದರು. ರನ್‌ವೇಯ ಸಂಖ್ಯೆ ಅಂದರೆ ಅದು ದಿಕ್ಸೂಚಿಯಲ್ಲಿ ಮುಖ ಮಾಡಿರುವ ದಿಕ್ಕು, ಕೊನೆಯ ಸೊನ್ನೆ ಬಿಟ್ಟು. ಪಶ್ಚಿಮ 270 ಡಿಗ್ರಿ, ಹಾಗಾಗಿ 27. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬರುತ್ತದೆ, ಅಲ್ವಾ? ಹಾಗಾಗಿ ಸಂಜೆಯ ಪಾಠಕ್ಕೆಲ್ಲ ರನ್‌ವೇ 27.

ಇಳಿಯುವ ವಿಮಾನ ನೇರವಾಗಿ ಬಂದು ಕೂರುವುದಿಲ್ಲ. ರನ್‌ವೇಯ ಸುತ್ತ ಆಯತಾಕಾರದ ದಾರಿಯಲ್ಲಿ ಬರುತ್ತದೆ, ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲ ತಿರುವೂ ಎಡಕ್ಕೆ. ನಮ್ಮ ಅಂಗಳದಲ್ಲಿ ಬಾವಿಯ ಬದಿಯ ಉದ್ದದ ದಾರಿ ಡೌನ್‌ವಿಂಡ್. ಹಟ್ಟಿಯ ಮುಂದೆ ಎಡಕ್ಕೆ ತಿರುಗಿದರೆ ಬೇಸ್. ಮತ್ತೆ ಎಡಕ್ಕೆ ತಿರುಗಿ ಸುಣ್ಣದ ಪಟ್ಟಿಗೆ ಮುಖ ಮಾಡಿದರೆ ಫೈನಲ್. ನಾನು, ತಮ್ಮ, ಚಿಕ್ಕಪ್ಪನ ಇಬ್ಬರು ಮಕ್ಕಳು ಒಬ್ಬೊಬ್ಬರೂ ಒಂದೊಂದು ವಿಮಾನ. ಕೈಯಲ್ಲಿ ಮಂಗಳೂರಿನಿಂದ ತಂದ ಆಟಿಕೆ ವಾಕಿಟಾಕಿ.

ಮೊದಲ ಸಂಜೆ ನಾನು ಬಟನ್ ಒತ್ತಿ, "ನಾನೀಗ ಬೇಸ್‌ಗೆ ತಿರುಗಬಹುದಾ?" ಎಂದೆ.

"ಯಾರನ್ನು ಕೇಳ್ತಾ ಇದ್ದಿ ಮಾರಾಯ್ತಿ?" ಎಂದರು ಮಾವ. "ಅಲ್ಲಿ ಅನುಮತಿ ಕೊಡುವವರು ಯಾರಿದ್ದಾರೆ? ಕೇಳುವುದಲ್ಲ, ಹೇಳುವುದು."

ಪೆರ್ಲದ ಕಡೆ ಹೋಗುವ ರಸ್ತೆಯ ತಿರುವಿನಲ್ಲಿ ಬಸ್ಸಿನವರು ಹಾರ್ನ್ ಹಾಕುವುದು ಅನುಮತಿಗಲ್ಲ, ನಾನಿದ್ದೇನೆ ಎಂದು ತಿಳಿಸಲಿಕ್ಕೆ. ಇದೂ ಹಾಗೆಯೇ. ಆದರೆ ಹಾರ್ನ್‌ಗೆ ಹೋಲಿಸಿದರೆ ಇಲ್ಲಿ ಹೇಳಲಿಕ್ಕೆ ಜಾಸ್ತಿ ಇದೆ, ಸಮಯ ಕಡಿಮೆ ಇದೆ. ಮೊದಲು ಯಾವ ನಿಲ್ದಾಣ, ಆಮೇಲೆ ನಾನು ಯಾರು, ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ, ಕೊನೆಗೆ ಮತ್ತೊಮ್ಮೆ ನಿಲ್ದಾಣದ ಹೆಸರು. "ನೀರ್ಚಾಲು ಟ್ರಾಫಿಕ್, ಸೆಸ್ನಾ ಟೂ ಫೈವ್ ಅಲ್ಫಾ, ಲೆಫ್ಟ್ ಡೌನ್‌ವಿಂಡ್, ರನ್‌ವೇ ಟೂ ಸೆವೆನ್, ನೀರ್ಚಾಲು." ಟ್ರಾಫಿಕ್ ಅಂದರೆ ಆ ನಿಲ್ದಾಣದ ಸುತ್ತಮುತ್ತ ಇರುವ ವಿಮಾನಗಳೆಲ್ಲ. ಒಂದೇ ಉಸಿರಿನಲ್ಲಿ ಮುಗಿಯಬೇಕು.

ಎರಡು ಸಲ ಹೆಸರು ಯಾಕೆ ಎಂದು ತಮ್ಮ ಕೇಳಿದ. ಮಾವ ಮಾತಾಡದೆ ಚಿಕ್ಕಪ್ಪನ ಮಗನನ್ನು ಅಂಗಳದಿಂದ ಕೆಳಗೆ ತೋಟಕ್ಕೆ ಕಳಿಸಿದರು. "ಇನ್ನು ನೀನು ಪೆರ್ಲದಲ್ಲಿ ಹಾರ್ತಾ ಇದ್ದಿ. ಅಲ್ಲಿಯೂ ರನ್‌ವೇ 27. ಚಾನೆಲ್ ಇದೇ." ಸ್ವಲ್ಪ ಹೊತ್ತಿಗೆ ನಮ್ಮ ವಾಕಿಟಾಕಿಯಲ್ಲಿ "...ಫೈನಲ್, ರನ್‌ವೇ ಟೂ ಸೆವೆನ್" ಎಂದು ಬಂತು. ಮೊದಲ ಪದ ಕೇಳಲೇ ಇಲ್ಲ. ಪಟ್ಟಿಯ ಹತ್ತಿರ ಇದ್ದ ತಮ್ಮ ಗಾಬರಿಯಲ್ಲಿ ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲ. ಬಟನ್ ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಪದ ಕತ್ತರಿಸಿ ಹೋಗುತ್ತದೆ. ಕೊನೆಯಲ್ಲೂ ಹೆಸರು ಇದ್ದಿದ್ದರೆ ಅವನಿಗೆ ಗಾಬರಿ ಆಗುತ್ತಿರಲಿಲ್ಲ.

ಇನ್ನೊಂದು ಸಂಜೆ ನಾನು ಡೌನ್‌ವಿಂಡ್‌ನಲ್ಲಿ, ನನ್ನ ಹಿಂದೆ ತಮ್ಮ. ಇಬ್ಬರೂ ಒಟ್ಟಿಗೆ ಬಟನ್ ಒತ್ತಿದೆವು. ಉಳಿದವರಿಗೆ ಗರ್ರ್ ಎಂಬ ಸದ್ದು ಮಾತ್ರ. ನಮಗಿಬ್ಬರಿಗೆ ಅದೂ ಇಲ್ಲ, ಯಾಕೆಂದರೆ ಮಾತಾಡುವವರ ಸೆಟ್ ಆ ಹೊತ್ತಿಗೆ ಕೇಳಿಸಿಕೊಳ್ಳುವುದಿಲ್ಲ. ನಾವಿಬ್ಬರೂ ಹೇಳಿಯಾಯಿತು ಎಂದು ನೆಮ್ಮದಿಯಿಂದ ಮುಂದೆ ನಡೆದೆವು. ವಿಮಾನದ ರೇಡಿಯೋದಲ್ಲೂ ಇದೇ ತೊಂದರೆ. ಎರಡು ಮಾತು ಒಂದರ ಮೇಲೊಂದು ಬಿದ್ದರೆ ಉಳಿದವರಿಗೆ ಕೀಂ ಎಂಬ ಕರ್ಕಶ ಸದ್ದು. ಕೇಳಿದವರು ಯಾರಾದರೂ ಇಬ್ಬರ ಮಾತೂ ಕೂಡಿಹೋಯಿತು ಎಂದು ಹೇಳಿದರೆ ಪುಣ್ಯ.

ಅಷ್ಟರಲ್ಲಿ ಅಜ್ಜಿ ಕೊಡಪಾನ ಹಿಡಿದುಕೊಂಡು ಬಾವಿಯಿಂದ ಬಂದರು. ಡೌನ್‌ವಿಂಡ್‌ಗೆ ಅಡ್ಡವಾಗಿ, ಅವರ ಪಾಡಿಗೆ. ವಾಕಿಟಾಕಿಗೆ ಕಿವಿ ಕೊಟ್ಟುಕೊಂಡು ತಲೆ ತಗ್ಗಿಸಿ ನಡೆಯುತ್ತಿದ್ದ ತಮ್ಮ ಸೀದಾ ಹೋಗಿ ಢಿಕ್ಕಿ ಹೊಡೆದ. ಕೊಡಪಾನ ಉರುಳಿತು, ಸುಣ್ಣದ ರನ್‌ವೇ ಅರ್ಧ ತೊಳೆದು ಹೋಯಿತು. "ಕಣ್ಣು ಕಾಣ್ತದಾ ಇಲ್ವಾ ನಿಂಗೆ?" ಎಂದು ಅಜ್ಜಿ ಬೈದರು. ಮಾವ ಚಿಟ್ಟೆಯ, ಅಂದರೆ ಜಗಲಿಕಟ್ಟೆಯ, ಮೇಲೆ ಕೂತು ನಕ್ಕದ್ದೇ ನಕ್ಕದ್ದು. "ಅಜ್ಜಿಯ ಹತ್ತಿರ ರೇಡಿಯೋ ಇಲ್ಲ. ಆದ್ರೂ ಅಜ್ಜಿ ಇದ್ದಾರಲ್ಲ?"

ಟೆಕ್ಸಸ್‌ಗೆ ಹೋದ ಮೇಲೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪಾಠ ಈ ಕೊಡಪಾನದ್ದು. ರೇಡಿಯೋದಲ್ಲಿ ಯಾರೂ ಮಾತಾಡುತ್ತಿಲ್ಲ ಅಂದರೆ ಆಕಾಶ ಖಾಲಿ ಅಂತಲ್ಲ.

ಹೊರಡುವ ಮೊದಲು ಮಾವ ಕ್ವಿನ್ಸಿಯ ಕಥೆ ಹೇಳಿದರು. ಅಮೆರಿಕದ ಇಲಿನಾಯ್ ರಾಜ್ಯದ ಸಣ್ಣ ಊರು ಅದು, ಟವರ್ ಇಲ್ಲದ ನಿಲ್ದಾಣ. 1996ರ ನವೆಂಬರ್ 19ರ ಸಂಜೆ. ಅಲ್ಲಿಯ ಎರಡು ರನ್‌ವೇಗಳು ಒಂದನ್ನೊಂದು ದಾಟುತ್ತವೆ. ಬೀಚ್‌ಕ್ರಾಫ್ಟ್ 1900 ಎಂಬ ಸಣ್ಣ ಪ್ರಯಾಣಿಕ ವಿಮಾನ ರನ್‌ವೇ 13ರಲ್ಲಿ ಇಳಿಯಲು ಬರುತ್ತಿದೆ. ರನ್‌ವೇ 04ರಲ್ಲಿ ಒಂದು ಕಿಂಗ್ ಏರ್ ಹಾರಲು ನಿಂತಿದೆ. ಅದರ ಹಿಂದೆ ಒಂದು ಚೆರೋಕಿ ಸರದಿಯಲ್ಲಿದೆ. ಇಳಿಯುವವರು ತಾವು ಎಲ್ಲಿದ್ದೇವೆಂದು ಮತ್ತೆ ಮತ್ತೆ ಹೇಳಿದರು. ರನ್‌ವೇ 04ರಲ್ಲಿರುವ ವಿಮಾನದವರು ನಿಂತಿರುತ್ತೀರೋ ಹೊರಡುತ್ತೀರೋ ಎಂದೂ ಕೇಳಿದರು.

ಉತ್ತರ ಬಂತು. ಆದರೆ ಕೊಟ್ಟದ್ದು ಕಿಂಗ್ ಏರ್ ಅಲ್ಲ, ಹಿಂದಿದ್ದ ಚೆರೋಕಿ. ಅವನು ತನ್ನ ಸಂಖ್ಯೆ ಹೇಳಿ, ರನ್‌ವೇ 04ರಲ್ಲಿ ಹೊರಡಲು ಕಾಯುತ್ತಿದ್ದೇನೆ ಎಂದ. ಅದೇ ಕ್ಷಣಕ್ಕೆ ಇಳಿಯುವ ವಿಮಾನದೊಳಗೆ ನೆಲ ಹತ್ತಿರ ಬಂತು ಎಂದು ಎಚ್ಚರಿಸುವ ಯಂತ್ರದ ದನಿ ನಡುವೆ ಬಂತು. ಕಾಯುತ್ತಿರುವುದು ಕಿಂಗ್ ಏರ್ ಎಂದೇ ಅವರು ತಿಳಿದರು, ಧನ್ಯವಾದವನ್ನೂ ಹೇಳಿದರು. ಚೆರೋಕಿಯವನು ತಿದ್ದಲಿಲ್ಲ. ಕಿಂಗ್ ಏರ್ ಹೊರಟಿತು. ಎರಡೂ ರನ್‌ವೇ ಕೂಡುವಲ್ಲಿ ಢಿಕ್ಕಿ. ಎರಡರಲ್ಲೂ ಇದ್ದ 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಿಂಗ್ ಏರ್‌ನವರು ರೇಡಿಯೋವನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಸುತ್ತ ನೋಡಲೂ ಇಲ್ಲ ಎಂದು ತನಿಖೆ ಹೇಳಿತು. ಆ ಅರ್ಧಂಬರ್ಧ ಕೇಳಿಸಿದ ಉತ್ತರವನ್ನೂ ಕಾರಣಗಳಲ್ಲಿ ಸೇರಿಸಿತು.

"ಎಲ್ಲರೂ ಮಾತಾಡಿದ್ದಾರೆ ನೋಡು" ಎಂದರು ಮಾವ. "ಯಾರು ಯಾರಿಗೆ ಹೇಳಿದ್ದು ಅಂತ ಮಾತ್ರ ಯಾರಿಗೂ ಗೊತ್ತಾಗಲಿಲ್ಲ." ಅಮ್ಮ ಒಳಗಿನಿಂದಲೇ, ಅದನ್ನೆಲ್ಲ ಈಗ ಹೇಳಬೇಕಿತ್ತಾ ಎಂದು ಗೊಣಗಿದರು. ಹೇಳಿದ್ದೇ ಒಳ್ಳೆಯದಾಯಿತು. ಯಾರದ್ದೋ ಪ್ರಶ್ನೆಗೆ ಇನ್ಯಾರೋ ಉತ್ತರ ಕೊಡುವುದನ್ನು ಮುಂದೆ ರೇಡಿಯೋದಲ್ಲಿ ಕೇಳಿದಾಗಲೆಲ್ಲ ಮೈ ಬಿಗಿಯಾಗುತ್ತಿತ್ತು.

ಟೆಕ್ಸಸ್‌ನ ಆ ನಿಲ್ದಾಣದಲ್ಲಿ ಒಂದೇ ರನ್‌ವೇ, 17 ಮತ್ತು 35. ಗಾಳಿ ಬಹುಪಾಲು ತೆಂಕಣದಿಂದ, ಹಾಗಾಗಿ ಬಹುಪಾಲು 17. ಒಂದು ಶೆಡ್, ಒಂದು ಪೆಟ್ರೋಲ್ ಪಂಪ್, ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಚೀಲ. ಎಲ್ಲರೂ ಮಾತಾಡುವ ಸಾಮಾನ್ಯ ತರಂಗಾಂತರ 122.8 ಮೆಗಾಹರ್ಟ್ಸ್. ಸುತ್ತಲಿನ ಬೇರೆ ಎಷ್ಟೋ ಸಣ್ಣ ನಿಲ್ದಾಣಗಳದ್ದೂ ಅದೇ. ಎತ್ತರಕ್ಕೆ ಏರಿದಷ್ಟೂ ದೂರದ ಮಾತು ಕೇಳುತ್ತದೆ. ಶನಿವಾರ ಬೆಳಿಗ್ಗೆ ಹೆಡ್‌ಸೆಟ್ ಹಾಕಿದರೆ ಮೀನು ಮಾರ್ಕೆಟ್. ನೀರ್ಚಾಲು, ಪೆರ್ಲ ಎಂದು ಅಂಗಳದಲ್ಲಿ ಆಡಿದ್ದು ಅಲ್ಲಿ ನಿಜವಾಗಿಯೇ ನಡೆಯುತ್ತಿತ್ತು.

ಮೊದಮೊದಲು ನನಗೆ ಹೇಳುವುದಕ್ಕಿಂತ ಕೇಳುವುದೇ ಕಷ್ಟವಾಯಿತು. ಮಾತು ಕಿವಿಗೆ ಬೀಳುತ್ತದೆ, ಚಿತ್ರ ಮೂಡುವುದಿಲ್ಲ. ಯಾರೋ ಬೇಸ್ ಅಂದರು, ಇನ್ಯಾರೋ ರನ್‌ವೇಯಿಂದ ಹೊರಗೆ ಬಂದೆ ಅಂದರು. ನನ್ನ ಮುಂದೆ ಎಷ್ಟು ಜನ? ಇನ್ಸ್‌ಟ್ರಕ್ಟರ್ ಒಂದು ಉಪಾಯ ಹೇಳಿಕೊಟ್ಟರು. ಮೊಣಕಾಲಿಗೆ ಕಟ್ಟಿದ ಪುಟ್ಟ ಹಲಗೆಯಲ್ಲಿ ಆಯತ ಬರೆದುಕೊಂಡು, ಯಾರು ಮಾತಾಡಿದರೂ ಅಲ್ಲೊಂದು ಚುಕ್ಕೆ ಇಡಬೇಕು. ಸತತವಾಗಿ ಅಭ್ಯಾಸ ಮಾಡಿದ ಮೇಲೆ ಕಾಗದ ಬೇಕಾಗಲಿಲ್ಲ. ಚುಕ್ಕೆಗಳು ತಲೆಯೊಳಗೇ ಓಡಾಡತೊಡಗಿದವು.

ಅಲ್ಲಿಯ ಕ್ರಮ ಹೀಗೆ. ಸುಮಾರು 10 ಮೈಲು ದೂರದಿಂದಲೇ ಆ ತರಂಗಾಂತರಕ್ಕೆ ಕಿವಿ ಕೊಡಬೇಕು, ಅಲ್ಲಿಂದ ಹೇಳಲು ಶುರು ಮಾಡಬೇಕು. ಅದಕ್ಕೂ ಮೊದಲು, ಗಾಳಿ ಎಷ್ಟಿದೆ ಎಂದು ಯಂತ್ರವೇ ಹೇಳುವ ಹವಾಮಾನ ಕೇಳಿಸಿಕೊಂಡರೆ ಯಾವ ರನ್‌ವೇ ಎಂಬ ಅಂದಾಜು ಸಿಗುತ್ತದೆ. ನೆಲದಿಂದ ಸಾಮಾನ್ಯವಾಗಿ 1000 ಅಡಿ ಎತ್ತರದಲ್ಲಿ, ಡೌನ್‌ವಿಂಡ್‌ನ ನಡುಭಾಗಕ್ಕೆ 45 ಡಿಗ್ರಿ ಓರೆಯಲ್ಲಿ ಬಂದು ಸೇರಿಕೊಳ್ಳಬೇಕು. ಯಾಕೆಂದರೆ ಎಲ್ಲರೂ ನೋಡುವುದು ಅಲ್ಲಿಗೇ. ಕೆಲವರು ಬರುವಾಗ, ಇಲ್ಲಿ ಯಾರಿದ್ದೀರಿ ದಯವಿಟ್ಟು ತಿಳಿಸಿ ಎಂದು ಎಲ್ಲರನ್ನೂ ಕೇಳುತ್ತಾರೆ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಇದನ್ನು ಬೇಡವೇ ಬೇಡ ಎನ್ನುತ್ತದೆ. ಕೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಬಟನ್ ಒತ್ತುತ್ತಾರೆ, ಕೀಂ ಎನ್ನುತ್ತದೆ, ಅಷ್ಟೇ. ಮೊದಲಿನಿಂದ ಸುಮ್ನೆ ಕೇಳಿಸಿಕೊಂಡು ಬಂದಿದ್ದರೆ ಗೊತ್ತಾಗುತ್ತಿತ್ತಲ್ಲ ಎಂದು ನನಗೂ ಸಿಟ್ಟು ಬರುತ್ತಿತ್ತು.

ಹೊಲಕ್ಕೆ ಔಷಧಿ ಸಿಂಪಡಿಸುವ ಹಳದಿ ವಿಮಾನವೊಂದು ಅಲ್ಲಿಗೆ ಬರುತ್ತಿತ್ತು. ಅದೇ ನಮ್ಮ ಅಜ್ಜಿ. ಮಾತಿಲ್ಲ ಕತೆಯಿಲ್ಲ. ತಗ್ಗಿನಲ್ಲಿ ಬಂದು, ಅದಕ್ಕೆ ಅನುಕೂಲವಾದ ಕಡೆಯಿಂದ ಇಳಿದು, ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತಿತ್ತು. ಟ್ಯಾಬ್ಲೆಟ್‌ನಲ್ಲಿ ಸುತ್ತಲಿನ ವಿಮಾನಗಳು ಕಾಣುವ ವ್ಯವಸ್ಥೆ ಈಗ ಇದೆ. ತಾನೆಲ್ಲಿದ್ದೇನೆಂದು ವಿಮಾನವೇ ಪ್ರಸಾರ ಮಾಡುವ ಉಪಕರಣ 2020ರ ಜನವರಿಯಿಂದ ಅಲ್ಲಿ ಕಡ್ಡಾಯ. ಆದರೆ ದೊಡ್ಡ ನಿಲ್ದಾಣಗಳ ಸುತ್ತ ಮತ್ತು ಮೇಲಿನ ಎತ್ತರಗಳಲ್ಲಿ ಮಾತ್ರ, ಇಂಥ ಹಳ್ಳಿ ಕಡೆ ಅಲ್ಲ. ಹಳದಿ ವಿಮಾನ ಪರದೆಯಲ್ಲಿ ಯಾವತ್ತೂ ಬಂದದ್ದಿಲ್ಲ. ಕಿಟಕಿಯಿಂದಲೇ ಹುಡುಕಬೇಕು. ಫೈನಲ್‌ಗೆ ತಿರುಗುವ ಮುಂಚೆ ಎರಡೂ ಬದಿ ನೋಡುವ ಅಭ್ಯಾಸ ಅದರಿಂದಲೇ ಬಂದದ್ದು.

ಒಬ್ಬಳೇ ಹಾರಲು ಶುರು ಮಾಡಿದ ಮೇಲಿನ ಒಂದು ಮಧ್ಯಾಹ್ನ. ನಾನು ಸೆಸ್ನಾ 172ರಲ್ಲಿ ಡೌನ್‌ವಿಂಡ್‌ನಲ್ಲಿದ್ದೆ, ನನ್ನ ಹಿಂದೆ ಇನ್ನೊಂದು ತರಬೇತಿ ವಿಮಾನ. ಎರಡು ಎಂಜಿನ್‌ನ ವಿಮಾನವೊಂದು, 10 ಮೈಲಿನಲ್ಲಿದ್ದೇನೆ, ನೇರವಾಗಿ ರನ್‌ವೇ 17ಕ್ಕೆ ಬರುತ್ತಿದ್ದೇನೆ ಎಂದಿತು. ಸುತ್ತು ಹಾಕದೆ ಹೀಗೆ ನೇರ ಬರಲು ಅಡ್ಡಿಯಿಲ್ಲ. ಸುತ್ತಿನಲ್ಲಿರುವವರಿಗೆ ತೊಂದರೆ ಕೊಡಬಾರದು, ಅಷ್ಟೇ. ಫೈನಲ್‌ನಲ್ಲಿ ಇರುವವನಿಗೆ ದಾರಿಯ ಹಕ್ಕು ಇದೆ ನಿಜ, ಆದರೆ ಆ ಹಕ್ಕು ಹಿಡಿದುಕೊಂಡು ಇನ್ನೊಬ್ಬರ ಮುಂದೆ ನುಗ್ಗುವಂತಿಲ್ಲ ಎಂದು ನಿಯಮವೇ ಹೇಳುತ್ತದೆ.

ಲೆಕ್ಕ ಹಾಕಿದೆ. ಅವನ ವೇಗ 150 ನಾಟ್, ಅಂದರೆ ಗಂಟೆಗೆ 150 ನಾಟಿಕಲ್ ಮೈಲು, ಅಂದುಕೊಂಡರೆ 10 ಮೈಲಿಗೆ 4 ನಿಮಿಷ. ನಾನು ಅಷ್ಟರಲ್ಲಿ ಇಳಿದು ರನ್‌ವೇ ಬಿಟ್ಟು ಹೋಗಬಹುದು. ಆದರೆ ಆ 10 ಮೈಲು ನಿಜವಾಗಿ 10 ಹೌದಾ? ಹೇಳಿ ಎಷ್ಟು ಹೊತ್ತಾಯಿತು? ವಾಟ್ಸನ್‌ವಿಲ್ ನೆನಪಾಯಿತು. ಕ್ಯಾಲಿಫೋರ್ನಿಯಾದ ಆ ನಿಲ್ದಾಣದಲ್ಲಿ 2022ರ ಆಗಸ್ಟ್ 18ರಂದು ಇದೇ ರೀತಿ ನೇರ ಬಂದ ಎರಡು ಎಂಜಿನ್‌ನ ಸೆಸ್ನಾ 340, ಸುತ್ತಿನಲ್ಲಿದ್ದ ಪುಟ್ಟ ಸೆಸ್ನಾ 152ಕ್ಕೆ ಹಿಂದಿನಿಂದ ಗುದ್ದಿತು. ಮೂವರು ಸತ್ತರು. ಅಲ್ಲಿಯೂ ಇಬ್ಬರೂ ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. ದೊಡ್ಡ ವಿಮಾನ ಇಳಿಯುವವರಿಗೆ ಇರಬೇಕಾದ್ದಕ್ಕಿಂತ ತುಂಬ ವೇಗದಲ್ಲಿತ್ತು.

ನಾನು ಬಟನ್ ಒತ್ತಿ, ಡೌನ್‌ವಿಂಡ್ ಉದ್ದ ಮಾಡುತ್ತೇನೆ, ನೇರ ಬರುವವರ ಹಿಂದೆ ಎರಡನೆಯವಳಾಗಿ ಇಳಿಯುತ್ತೇನೆ, ನೀವಿನ್ನೂ ಕಣ್ಣಿಗೆ ಬಿದ್ದಿಲ್ಲ ಎಂದೆ. ಕೊನೆಯ ಆ ಮಾತು ಮುಖ್ಯ. ಸರಿ ಎಂದ. ಹಿಂದಿದ್ದವನಿಗೆ ಬೇಸರ ಬಂದಿರಬೇಕು, ಇಷ್ಟು ದೂರ ಹೋಗಬೇಕಾ ಎಂದು ರೇಡಿಯೋದಲ್ಲೇ ಗೊಣಗಿದ. ಗೊಣಗಲಿ. ರನ್‌ವೇ ಹಿಂದೆ ಸರಿಯುತ್ತಾ ಹೋಯಿತು, ನನ್ನ ಕಣ್ಣು ಎಡಗಡೆಯ ಕಿಟಕಿಯಲ್ಲೇ. ಹೊಲಗಳ ಕಂದು ಬಣ್ಣದ ಮೇಲೆ ಮೊದಲು ಅವನ ದೀಪ ಕಂಡಿತು, ಆಮೇಲೆ ರೆಕ್ಕೆ. ನಾನು ಅಂದಾಜು ಮಾಡಿದ್ದಕ್ಕಿಂತ ಬಹಳ ಮೊದಲೇ, ಬಹಳ ಹತ್ತಿರದಲ್ಲಿ. ಕಣ್ಣಿಗೆ ಬಿದ್ದಿರಿ ಎಂದು ಹೇಳಿದೆ. ಅವನು ನನ್ನ ರೆಕ್ಕೆಯನ್ನು ದಾಟಿ ಹಿಂದೆ ಹೋಗಿ, ಇನ್ನೂ ಸ್ವಲ್ಪ ಅಂತರ ಆದ ಮೇಲೆ ಬೇಸ್‌ಗೆ ತಿರುಗಿದೆ. ಇಳಿದ ಮೇಲೆ ಇನ್ಸ್‌ಟ್ರಕ್ಟರ್, ಮೊದಲೇ ಇಳಿಯಬಹುದಿತ್ತು, ಆದರೆ ಕಾಣದವನ ಮುಂದೆ ತಿರುಗದೇ ಇದ್ದದ್ದು ಸರಿ ಎಂದರು. ನೇರ ಬರುವವರ ಬಗ್ಗೆ ನನ್ನ ಅಸಮಾಧಾನ ಇವತ್ತಿಗೂ ಹಾಗೆಯೇ ಇದೆ. ಐದು ನಿಮಿಷ ಉಳಿಸುವ ಆಸೆಗೆ ಉಳಿದವರೆಲ್ಲ ಲೆಕ್ಕ ಹಾಕುತ್ತಾ ಕೂರಬೇಕು.

ಊರಿಗೆ ವಾಪಸ್ ಬಂದ ಮೇಲೆ ಆರ್‌ಟಿಆರ್ ಪರೀಕ್ಷೆ. ಭಾರತದಲ್ಲಿ ಪೈಲಟ್ ಆಗಬೇಕಾದರೆ ರೇಡಿಯೋ ಬಳಸಲಿಕ್ಕೇ ಬೇರೆ ಪ್ರಮಾಣಪತ್ರ ಬೇಕು. ನಾನು ಬರೆಯುವಾಗ ಅದು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಕೈಯಲ್ಲಿತ್ತು. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಿಂದ ಆ ಅಧಿಕಾರ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ಬಂದಿದೆ. ಬರೆಯುವ ಭಾಗ ಒಂದು, ಹೆಡ್‌ಸೆಟ್ ಹಾಕಿಕೊಂಡು ಮಾತಾಡುವ ಭಾಗ ಇನ್ನೊಂದು. ಎರಡನೆಯದರಲ್ಲಿ ಪರೀಕ್ಷಕರೇ ಟವರ್. ಅಮೆರಿಕದ ರೂಢಿಯನ್ನೆಲ್ಲ ನಾಲಿಗೆಯಿಂದ ಕಿತ್ತು ಹಾಕಬೇಕಾಯಿತು. ಅಲ್ಲಿ ಗಾಳಿಯ ಒತ್ತಡ ಇಂಚಿನಲ್ಲಿ, 29.92 ಎಂಬ ಹಾಗೆ. ಇಲ್ಲಿ ಹೆಕ್ಟೊಪಾಸ್ಕಲ್‌ನಲ್ಲಿ, 1013 ಎಂಬ ಹಾಗೆ. ಅಲ್ಲಿ ಪಾಯಿಂಟ್, ಇಲ್ಲಿ ಡೆಸಿಮಲ್. ಅಲ್ಲಿ ಪ್ಯಾಟರ್ನ್, ಇಲ್ಲಿ ಸರ್ಕಿಟ್. 3 ಅಂದರೆ ಟ್ರೀ, 5 ಅಂದರೆ ಫೈಫ್, 9 ಅಂದರೆ ನೈನರ್. ಮಾವ ಮತ್ತೆ ಚಿಟ್ಟೆಯ ಮೇಲೆ ಕೂತು ಟವರ್ ಆದರು. ಎಂಜಿನ್ ಕೆಟ್ಟಿದೆ, ಹೇಳು ಎನ್ನುವರು. ನಾನು ಮೇಡೇ ಎಂದು ಮೂರು ಸಲ ಹೇಳಿ ಮುಂದಿನದ್ದನ್ನು ಶುರು ಮಾಡಿದರೆ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದ ಅಮ್ಮ ಇಣುಕಿ ನೋಡುವರು.

ಟವರ್ ಜತೆ ಮಾತಾಡುವುದು ನಿಜವಾಗಿ ಹೇಳಬೇಕೆಂದರೆ ಸುಲಭ. ಅವರು ಹೇಳಿದ್ದನ್ನು ತಿರುಗಿ ಹೇಳಿದರೆ ಮುಗಿಯಿತು, ತಪ್ಪಿದರೆ ಅವರು ತಿದ್ದುತ್ತಾರೆ. ಪರೀಕ್ಷೆ ಪಾಸಾಯಿತು. ಪಕ್ಕದ ಕೋಣೆಯಿಂದ ಹೊರಗೆ ಬಂದ ಹುಡುಗನೊಬ್ಬ, ಟವರ್ ಇಲ್ಲದ ಸ್ಟ್ರಿಪ್‌ನಲ್ಲಿ ತರಬೇತಿಗೆ ಸೇರುತ್ತಿದ್ದೇನೆ, ಅಲ್ಲಿ ಏನು ಮಾತಾಡಬೇಕು ಎಂದು ಕೇಳಿದ. ಮಂಜೇಶ್ವರದವನಂತೆ. ಬಸ್ಸಿಗೆ ಹೊತ್ತಾಗಿತ್ತು. ಮಾವನ ನಂಬರ್ ಕೊಟ್ಟೆ. ಹೋಗುವಾಗ ಯಾರನ್ನಾದರೂ ಜತೆಗೆ ಕರೆದುಕೊಂಡು ಹೋಗು, ಒಬ್ಬನೇ ನಡೆದರೆ ಅಂಗಳದ ಪಾಠ ಆಗುವುದಿಲ್ಲ ಎಂದೂ ಹೇಳಿದೆ.